ಬಾಗಿಲಲ್ಲಿ ನಿಲ್ಲುವ ಕೆಲಸ

ನೈಕಾ ಎಂಬ ಊರಿನ ಗಣಿಯಲ್ಲಿ ಮೂವತ್ತು ವರ್ಷ ಸೀಸ, ಬೆಳ್ಳಿಯ ಅದಿರು ಒಡೆದ ಫೆರ್ಮಿನ್‌ಗೆ, ಮಂಡಿ ಸವೆದ ಮೇಲೆ ಸಿಕ್ಕಿದ್ದು ಬಾಗಿಲಲ್ಲಿ ನಿಲ್ಲುವ ಕೆಲಸ. ನೆಲದಿಂದ ಮುನ್ನೂರು ಮೀಟರ್ ಕೆಳಗೆ, ಹರಳಿನ ಗುಹೆಯ ಕಬ್ಬಿಣದ ಬಾಗಿಲು. ಒಳಗೆ ದೀಪದ ಕಂಬಕ್ಕಿಂತ ಉದ್ದದ ಬಿಳಿ ಹರಳುಗಳು ಅಡ್ಡಾದಿಡ್ಡಿ ಬಿದ್ದಿವೆ. ಅವನ್ನು ನೋಡಲು ಬಂದ ವಿಜ್ಞಾನಿಗಳು ಐಸ್ ತುಂಬಿದ ಅಂಗಿ ತೊಟ್ಟು ಒಳಹೋಗುತ್ತಾರೆ. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಫೆರ್ಮಿನ್ "ಸಾಕು, ಬನ್ನಿ" ಎಂದು ಕೂಗಬೇಕು. ಕೂಗದಿದ್ದರೆ ಒಳಗಿನ ಕುದಿಯುವ ಬೇಗೆಗೆ ಅವರು ಅಲ್ಲೇ ಕುಸಿಯುತ್ತಾರೆ. ನೋಡುವವರಿಗೆ ಇದು ಆರಾಮದ ನೌಕರಿ.

ಹೆಂಡತಿ ಒತಿಲಿಯಾಳಿಗೂ ಹಾಗೇ ಕಂಡಿತ್ತು. ಅವನು ನಾಲ್ಕಕ್ಕೆ ಮನೆಗೆ ಬಂದು, ಬಡಿಸಿದ ಬೀನ್ಸ್ ಅರ್ಧ ತಿಂದು, ತುಟಿ ಬಿಚ್ಚದೆ ಹಾಸಿಗೆಗೆ ಬೀಳುತ್ತಿದ್ದ. ಮಗಳನ್ನು ಕೇಳಲು ಬಂದ ಹುಡುಗನ ಅಪ್ಪ ಅಮ್ಮನ ಎದುರೂ ಕುರ್ಚಿಯಲ್ಲೇ ಗೊರಕೆ ಹೊಡೆದಿದ್ದ.

"ಬಾಗಿಲಿಗೆ ಒರಗಿ ನಿಲ್ಲೋನಿಗೆ ಅದೆಂಥ ಸುಸ್ತು, ಮುದುಕ? ಇನ್ನೊಬ್ಬಳು ಇದ್ರೆ ಹೇಳ್ಬಿಡು."

"ಇನ್ನೊಬ್ಬಳ ಮನೆ ತನಕ ನಡೆಯೋಕೆ ಕಾಲಲ್ಲಿ ಶಕ್ತಿ ಬೇಡ್ವಾ?"

ಅವಳು ನಗಲಿಲ್ಲ. ಭಾನುವಾರ ಡೆಲಿಸಿಯಾಸ್‌ನಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದಳು. ತಂಗಿಯ ಗಂಡ ಎಲಿಯಾಸ್ ಪಿಕಪ್ ತರಲು ಒಪ್ಪಿಯೂ ಆಗಿತ್ತು. ಫೆರ್ಮಿನ್ ಹಾಸಿಗೆಯಲ್ಲಿ ಬಿದ್ದುಕೊಂಡು ಯೋಚಿಸಿದ. ತಡೆಯಬೇಕು, ಆದರೆ ಏನು ಹೇಳಿ ತಡೆಯುವುದು? ಗಾಯವಾಗಿದ್ದರೆ ಬಟ್ಟೆ ಸರಿಸಿ ತೋರಿಸಬಹುದು. ದಣಿವನ್ನು ಯಾರಿಗೆ ಹೇಗೆ ತೋರಿಸುವುದು? ಅಷ್ಟರಲ್ಲಿ ನಿದ್ದೆ ಬಂತು.

ಆ ಐಸ್ ಅಂಗಿಗಳನ್ನು ಹೊಲಿಯುತ್ತಿದ್ದವಳು ಒತಿಲಿಯಾಳೇ. ಶುಕ್ರವಾರ ಗುಹೆಯ ಉಸ್ತುವಾರಿಯ ಇಂಜಿನಿಯರಮ್ಮ, "ನಿಮ್ಮ ಹೊಲಿಗೆ ಎಲ್ಲಿ ಉಪಯೋಗ ಆಗ್ತಿದೆ, ಒಂದ್ಸಲ ಬಂದು ನೋಡಿ" ಎಂದು ಅವಳನ್ನು ಕರೆದರು. ಗಣಿಗೆ ಹೆಂಗಸು ಇಳಿದರೆ ಅದಿರು ಮಾಯವಾಗುತ್ತದೆಂದು ನಮ್ಮವರ ನಂಬಿಕೆ. ಓದಿದ ಹೆಂಗಸರು ಇಳಿದರೆ ಮಾತ್ರ ಯಾಕೋ ಮಾಯವಾಗುವುದಿಲ್ಲ.

"ಒತಿಲಿಯಾ ಇಳಿದ್ರೆ ಇರೋ ಬೆಳ್ಳೀನೂ ಓಡಿಹೋಗುತ್ತೆ," ಎಂದ ಗಣಿಯೊಳಕ್ಕೆ ಟ್ರಕ್ ಓಡಿಸುವ ನಾಬೊರ್.

"ದಿನಾ ನಿನ್ನ ಮುಖ ನೋಡಿಯೂ ಓಡದೇ ಇರೋದು ನನ್ನ ನೋಡಿ ಓಡುತ್ತಾ? ಗಾಡಿ ನಡೆಸು."

ಐಸ್ ಅಂಗಿ ತೊಟ್ಟರೂ ಗುಹೆಯೊಳಗೆ ಅವಳು ಐದು ನಿಮಿಷವೂ ನಿಲ್ಲಲಿಲ್ಲ. ಒಂದು ಹರಳನ್ನು ಮುಟ್ಟಿ, ಶಿಲುಬೆಯ ಗುರುತು ಮಾಡಿಕೊಂಡು, ಏದುಸಿರು ಬಿಡುತ್ತ ಹೊರಬಂದಳು. ಬಾಗಿಲಿನ ಹೊರಗೆ ಫೆರ್ಮಿನ್ ನಿಲ್ಲುವ ಓಣಿಯಲ್ಲೂ ಬೇಗೆ ಅಷ್ಟೇನೂ ಕಡಿಮೆಯಿರಲಿಲ್ಲ. ಅಂಗಿ ಬಿಚ್ಚಿ ಕೊಟ್ಟಾಗಲೇ ಅವಳು ಗಂಡನನ್ನು ಸರಿಯಾಗಿ ನೋಡಿದ್ದು. ಪ್ಯಾಂಟಿನ ಮೇಲೆ ಒಂದು ಒದ್ದೆ ಬನಿಯನ್ ಬಿಟ್ಟರೆ ಅವನ ಮೈಮೇಲೆ ಏನೂ ಇರಲಿಲ್ಲ.

"ನಿನ್ನ ಐಸ್ ಅಂಗಿ ಎಲ್ಲಿ? ನಿನ್ನ ಅಳತೆಗೇ ದೊಡ್ಡದೊಂದು ಹೊಲಿದಿದ್ನಲ್ಲ."

"ಬಂದೋರಲ್ಲಿ ದಪ್ಪಗಿದ್ದೋರಿಗೆ ಬೇಕಾಗುತ್ತೆ."

"ಯಾವಾಗಿಂದ?"

"ಮೊದಲನೇ ವಾರದಿಂದ. ಒಳಗೆ ಹೋಗೋರಿಗೆ ತಾನೇ ಅದು."

 ಮುಂದಿನ ತಂಡ ಒಳಹೋದಾಗ ಅವಳೂ ಅವನ ಪಕ್ಕದಲ್ಲೇ, ಐಸ್ ಅಂಗಿಯಿಲ್ಲದೆ, ಬೆವರಿಗೆ ಮೈಗಂಟಿದ ರವಿಕೆಯಲ್ಲಿ ನಿಂತಳು. ಮೇಲೆ ಹೋಗು ಎಂದರೂ ಕೇಳಲಿಲ್ಲ, ಹಟಮಾರಿ. ಆರನೇ ನಿಮಿಷಕ್ಕೆ ಗೋಡೆ ಹಿಡಿದು ಜಾರಿ ಕೂತಳು. ನಾಬೊರ್ ಓಡಿಬಂದು ನೀರು ಕುಡಿಸಿದ.

"ನಡಿ, ಮನೆಗೆ ಹೋಗೋಣ," ಎಂದಳು ಉಸಿರು ಬಂದ ಮೇಲೆ.

"ನೀನು ನಾಬೊರ್ ಜೊತೆ ಹೋಗಿರು. ಇನ್ನೂ ಎರಡು ತಂಡ ಇದೆ," ಎಂದ ಫೆರ್ಮಿನ್, ಗಡಿಯಾರದಿಂದ ಕಣ್ಣು ತೆಗೆಯದೆ.

ಆ ಸಂಜೆ ಇಬ್ಬರೂ ಅವಳು ಹೊರಡುವ ಮಾತೆತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಅವಳ ಬಟ್ಟೆಯ ಚೀಲ ಬಾಗಿಲ ಬಳಿಯೇ ಇತ್ತು. 

ಭಾನುವಾರ ಊಟವಾದ ಮೇಲೆ ಫೆರ್ಮಿನ್ ಎಂದಿನಂತೆ ಬಿದ್ದುಕೊಂಡ. ಎದ್ದಿರಬೇಕು, ಅವಳು ಹೊರಡುವಾಗಲಾದರೂ ಎಚ್ಚರವಿರಬೇಕು ಎಂದು ಎಷ್ಟು ಅಂದುಕೊಂಡರೂ ರೆಪ್ಪೆ ಕೇಳಲಿಲ್ಲ. ಅರೆನಿದ್ದೆಯಲ್ಲಿ ಪಿಕಪ್ಪಿನ ಹಾರ್ನ್ ಕೇಳಿಸಿತು. ಅವಳು ದಡದಡನೆ ಹೊರಗೆ ಹೋದದ್ದೂ ಕೇಳಿಸಿತು.

"ಚೀಲ ಎಲ್ಲಿ ಅತ್ತಿಗೆ? ಬರೋದಿಲ್ವಾ?" ಎಂದು ಎಲಿಯಾಸ್ ಕೂಗುತ್ತಿದ್ದ.

"ಮೆಲ್ಲಗೆ ಮಾತಾಡೋ," ಎಂದಳು ಒತಿಲಿಯಾ. "ಫೆರ್ಮಿನ್ ಮಲಗಿದಾನೆ."