ಬಣ್ಣ ಹಚ್ಚಿಸಿದ ಬಾಡಿಗೆ ಮನೆ

ಭಾಗ್ಯನಗರದ ನಮ್ಮ ಮನೆಯೊಡತಿ ಬಾಡಿಗೆದಾರರಿಗೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ನಿಮ್ಮ ಮನಿ ಅಂತ ತಿಳ್ಕೋರಿ." ಮೊಳೆ ಹೊಡೆದ ಸದ್ದಾದರೆ ಮಾತ್ರ ಮಹಡಿಯಿಂದ ಇಳಿದು ಬಂದು, ಗೋಡೆಯನ್ನು ಮಗುವಿನ ಬೆನ್ನಿನಂತೆ ಸವರುತ್ತಿದ್ದರು.

ನಾನು ಆ ಮಾತು ನಂಬಿ, ದೀಪಾವಳಿಗೆ ನನ್ನ ಖರ್ಚಿನಲ್ಲೇ ಮನೆಗೆಲ್ಲ ಬಣ್ಣ ಹಚ್ಚಿಸಿದೆ. ಅವರು ಕೋಣೆ ಕೋಣೆ ತಿರುಗಿ ನೋಡಿದರು.

"ಭಾಳ ಛಲೋ ಆಗೈತ್ರಿ ಸರ. ಇಂಥಾ ಮನಿಗೆ ಹಳೇ ಬಾಡಿಗಿ ಹೆಂಗ ತಗೊಳ್ಳೋದ್ರಿ?"

"ಬಣ್ಣ ಹಚ್ಚಿಸಿದವ ನಾನಲ್ಲೇನ್ರಿ ಅಕ್ಕಾರ?"

"ಅದಕ್ಕ ನಿಮಗ ಮೊದಲ ಕೇಳಾಕತ್ತೀನ್ರಿ. ಬ್ಯಾರೇರಿಗಾದ್ರ ಇನ್ನೂ ಜಾಸ್ತಿ ಹೇಳ್ತಿದ್ನಿ."

ಆಗ ಅವರು ನಕ್ಕರೆಂದು ನೆನಪು. ಆ ನಗುವನ್ನು ನಾನೇ ಆಮೇಲೆ ಸೇರಿಸಿರಲೂಬಹುದು. ಮಗಳ ಶಾಲೆಗೆ ಹತ್ತಿರವಿದ್ದ ಮನೆ, ಬಿಡಲು ಮನಸ್ಸಿರಲಿಲ್ಲ. ಆದರೆ ಅವರು ಹೇಳಿದಷ್ಟು ಬಾಡಿಗೆ ನಮ್ಮಿಂದಾಗದೆ ಬಿಟ್ಟೆವು.

ಈಗಿನ ಮನೆಯ ಛಾವಣಿ ಸೋರುತ್ತದೆ. ಬಕೆಟ್ ಇಟ್ಟು ಸುಮ್ಮನಿದ್ದೇನೆ. ರಿಪೇರಿ ಮಾಡಿಸುವಷ್ಟು ಧೈರ್ಯ ನನಗಿಲ್ಲ.