ಸಿನಿಮಾ ಪೆಟ್ಟಿಗೆಗೆ ಹೊಲಿದ ಅಂಗಿ

ಬೆಳಕು ಹರಿಯುವುದರೊಳಗೆ ಟೈಲರಕ್ಕ ಮುಗಿಸುತ್ತಿದ್ದ ಕೆಲಸಗಳು ಇಷ್ಟು: ನಲ್ಲಿ ನಿಲ್ಲುವ ಮುಂಚೆ ಡ್ರಮ್ಮು, ಬಕೆಟ್ಟು, ಕೊನೆಗೆ ಚೊಂಬನ್ನೂ ಬಿಡದೆ ನೀರು ತುಂಬಿಸಿಕೊಳ್ಳುವುದು. ಎಲ್ಲರೂ ಮಲಗಿದ ಮೇಲೆ ಯಾರೋ ಎದ್ದು ಹಾಲು ಕುಡಿದು ಸಿಂಕಿನಲ್ಲಿ ಬಿಟ್ಟ ಲೋಟ ತೊಳೆಯುವುದು. ಹಾಲು ಉಕ್ಕದ ಹಾಗೆ ಒಂದು ಕಣ್ಣಿಟ್ಟು ತರಕಾರಿ ಹೆಚ್ಚುವುದು. ಗಂಡನ ಅಂಗಿಗೆ, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುವುದು. ಅತ್ತೆಯ ಮಂಡಿಗೆ ತಿಕ್ಕುವ ಎಣ್ಣೆ ಬೆಚ್ಚಗೆ ಮಾಡಿಡುವುದು. ನಡುಮನೆ ಗುಡಿಸುವುದು. ಆಮೇಲೆ ಮನೆಯ ಸಾಮಾನುಗಳ ಅಂಗಿಗಳನ್ನೆಲ್ಲ ಬಿಚ್ಚಿ, ಹಿಂದಿನ ಬಾಗಿಲಲ್ಲಿ ಕೊಡವಿ, ಮತ್ತೆ ತೊಡಿಸುವುದು.

ಸಾಮಾನುಗಳಿಗೆಂಥ ಅಂಗಿ ಎನ್ನಬಹುದು. ಆ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುತ್ತಿರಲಿಲ್ಲ. ಅತ್ತೆಗೆ ಧೂಳು ಕಂಡರೆ ಆಗುತ್ತಿರಲಿಲ್ಲ, ಸೊಸೆಯ ಹತ್ತಿರ ತುಂಡು ಬಟ್ಟೆಗೆ ಬರವಿರಲಿಲ್ಲ. ಮಿಕ್ಸಿಗೊಂದು ಕವರು, ನೀರಿನ ಫಿಲ್ಟರಿಗೊಂದು, ಗ್ಯಾಸ್ ಸಿಲಿಂಡರಿಗೆ ನೆರಿಗೆ ಹಿಡಿದ ಲಂಗ, ಫ್ರಿಜ್ಜಿನ ಹಿಡಿಕೆಗೂ ಒಂದು ಪುಟ್ಟ ತೋಳು. ಹೊರಗಿನಿಂದ ಬಂದವರು ನೋಡಿ ನಗುತ್ತಿದ್ದರು. ಮನೆಯವರಿಗೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಇವೆಲ್ಲ ಮುಗಿದು, ಎಲ್ಲರೂ ತಿಂದು ಹೊರಟ ಮೇಲೆ ಅವಳು ನಡುಮನೆಯ ಕಿಟಕಿ ಪಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂರುತ್ತಿದ್ದಳು. ಮದುವೆಯಾಗಿ ಬಂದ ವರ್ಷದಿಂದ ಅದೇ ಜಾಗ. ಎಡಗಡೆಯಿಂದ ಬರುವ ಬೆಳಕು ನೆಟ್ಟಗೆ ಸೂಜಿಯ ತುದಿಗೆ ಬೀಳುತ್ತಿತ್ತು. ಸಮವಸ್ತ್ರದ ಅಂಗಡಿಯವಳೊಬ್ಬಳು ಕತ್ತರಿಸಿದ ಬಟ್ಟೆಯ ಗಂಟು ಕಳಿಸುತ್ತಿದ್ದಳು: ಕಾವಲುಗಾರರ ಕಪ್ಪು ಪ್ಯಾಂಟು, ಆಸ್ಪತ್ರೆಯ ಬಿಳಿ ಕೋಟು. ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಗಂಡ ಮಾತ್ರ, "ಮನೆಯಲ್ಲಿ ಸುಮ್ನೆ ಇರಕ್ಕೆ ಬೇಜಾರು, ಏನೋ ಹೊಲೀತಾಳೆ" ಅನ್ನುತ್ತಿದ್ದ. ಮಗಳ ಕಾಲೇಜಿನ ಖರ್ಚು ಆ 'ಏನೋ'ದಿಂದಲೇ ಸಾಗುತ್ತಿತ್ತು.

ಹೀಗಿರುವಾಗ ಗಂಡನಿಗೆ ಸಿನಿಮಾದ ಹುಚ್ಚು ಹತ್ತಿತು. ಗೋದಾಮಿನಲ್ಲಿ ಜೊತೆಗೆ ಕೆಲಸ ಮಾಡುವವನೊಬ್ಬ ಮನೆಯಲ್ಲಿ ಟಿವಿಗೆ ಕಂಪ್ಯೂಟರ್ ಜೋಡಿಸಿ, ಬೇಕಾದ ಸಿನಿಮಾ ಬೇಕಾದಾಗ ನೋಡುತ್ತಾನಂತೆ. ಮೈದುನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದ. ಜೇಬಿನಲ್ಲಿ ಯಾವಾಗಲೂ ಸ್ಕ್ರೂ ಇಟ್ಟುಕೊಂಡು ಓಡಾಡುತ್ತಿದ್ದದ್ದಕ್ಕೆ ಮಗಳು ಅವನಿಗೆ ಸ್ಕ್ರೂ ಚಿಕ್ಕಪ್ಪ ಎಂದು ಹೆಸರಿಟ್ಟಿದ್ದಳು. ಅಣ್ಣ ಕೇಳಿದ್ದೇ ತಡ, ಹಳೇ ಭಾಗ, ಹೊಸ ಭಾಗ ಎಲ್ಲ ಸೇರಿಸಿ, ಬಟ್ಟೆ ಅಂಗಡಿಯ ಡಬ್ಬದಷ್ಟು ಚಪ್ಪಟೆಯಾದ ಪೆಟ್ಟಿಗೆಯೊಂದನ್ನು ಹೊತ್ತು ತಂದ.

"ಅತ್ತಿಗೆ, ಇದರ ಫ್ಯಾನು ಎಷ್ಟು ಮೆಲ್ಲಗೆ ತಿರುಗುತ್ತೆ ಗೊತ್ತಾ? ಪಕ್ಕದಲ್ಲಿ ಕೂತರೂ ಕೇಳಿಸಲ್ಲ. ಅಣ್ಣನ ಗೊರಕೆ ಥರ ಅಲ್ಲ."

"ಮೊದಲು ಕೆಲಸ ಮಾಡೋ," ಅಂದ ಅಣ್ಣ.

ಜೋಡಿಸುವುದರಲ್ಲಿ ಒಂದು ಇಡೀ ದಿನ ಹೋಯಿತು. ಪೆಟ್ಟಿಗೆಯಿಂದ ಟಿವಿಗೆ ಒಂದು ಕೇಬಲ್ಲು. ಚಿತ್ರ ಬಂತು, ಸದ್ದಿಲ್ಲ. ಸೆಟ್ಟಿಂಗ್ ಬದಲಾಯಿಸಿದರೆ ಸದ್ದು ಬಂತು, ಆದರೆ ಹೊಸ ಸ್ಪೀಕರಿನಲ್ಲಲ್ಲ, ಟಿವಿಯಲ್ಲಿ. ಕೊನೆಗೆ ಎಲ್ಲ ಸರಿಹೋಗಿ, ಸಿನಿಮಾಗಳ ಪೋಸ್ಟರುಗಳು ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ ಟಿವಿಯ ತುಂಬ ಸಾಲಾಗಿ ಮೂಡಿದಾಗ ಅತ್ತೆ, "ಅಯ್ಯೋ, ಇಷ್ಟೊಂದಾ!" ಎಂದು ಬಾಯಿ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಟೈಲರಕ್ಕ ಐದು ಸಲ ಟೀ ಮಾಡಿದ್ದಳು, ಪೆಟ್ಟಿಗೆಗಳ ಥರ್ಮೋಕೋಲು ಗುಡಿಸಿದ್ದಳು, ಮೈದುನ "ಅತ್ತಿಗೆ, ಟಾರ್ಚ್ ಹಿಡೀರಿ" ಎಂದಾಗ ಟಾರ್ಚ್ ಹಿಡಿದಿದ್ದಳು.

ಆಮೇಲೆ ಸೋಫಾದ ಪ್ರಶ್ನೆ ಬಂತು. ಟಿವಿ ಇದ್ದ ಗೋಡೆಗೆ ನೇರ ಎದುರಿಗೆ ಕಿಟಕಿ. ಕೂತು ನೋಡಬೇಕಾದರೆ ಸೋಫಾ ಅಲ್ಲಿಗೇ ಬರಬೇಕು.

"ನಿನ್ನ ಮೆಷಿನ್ನು ಬಚ್ಚಲ ಹತ್ರ ಪ್ಯಾಸೇಜಿಗೆ ಹಾಕೋಣ," ಅಂದ ಗಂಡ. "ಅಲ್ಲೂ ಲೈಟಿದೆಯಲ್ಲ."

"ಅಲ್ಲಿ ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣಲ್ಲರೀ."

"ದೊಡ್ಡ ಬಲ್ಬ್ ಹಾಕಿಸ್ತೀನಿ. ಅಂದ ಹಾಗೆ, ಈ ಕಿಟಕಿಗೆ ದಪ್ಪ ಪರದೆ ಬೇಕು. ಬೆಳಕು ಬಿದ್ದರೆ ಟಿವಿಯಲ್ಲಿ ಕಿಟಕಿಯೇ ಕಾಣುತ್ತೆ. ನೀನೇ ಹೊಲಿ, ಹೊರಗೆ ಯಾಕೆ ಕೊಡೋದು?"

ತನ್ನ ಬೆಳಕಿಗೆ ಅಡ್ಡ ಕಟ್ಟುವ ಪರದೆಯನ್ನು ಅವಳೇ ಹೊಲಿದಳು. ಹಿಂದೆ ರಬ್ಬರು ಬಳಿದ, ಬಿಸಿಲೂ ದಾಟದಂಥ ದಪ್ಪ ಬಟ್ಟೆ. ಹೊಲಿದು ಮಿಕ್ಕ ತುಂಡನ್ನು ಅತ್ತೆ ಎತ್ತಿ ನೋಡಿದರು.

"ಸಿನಿಮಾ ಪೆಟ್ಟಿಗೆಗೂ ಒಂದು ಅಂಗಿ ಆಗುತ್ತೆ ನೋಡು. ಹೊಸ ಸಾಮಾನು, ಧೂಳು ಕೂತರೆ ಕೆಟ್ಟುಹೋಗುತ್ತೆ."

ಅವಳು ಮನಸ್ಸಿಟ್ಟು ಹೊಲಿದಳು. ಹೇಗೋ ಹೊಲಿಯುವುದು ಅವಳ ಕೈಗೆ ಬರುತ್ತಲೇ ಇರಲಿಲ್ಲ. ಪೆಟ್ಟಿಗೆಯ ಅಳತೆಗೆ ಬಿಗಿಯಾಗಿ, ವೈರುಗಳಿಗೆ ಹಿಂದೆ ಕಾಜಾ ಹೊಲಿದ ತೂತುಗಳು, ಬಟನ್ನು ಒತ್ತಲು ಮುಂದೊಂದು ಪುಟ್ಟ ಮುಚ್ಚಳ. ಪೆಟ್ಟಿಗೆ ಓಡುವಾಗಲೂ ತೆಗೆಯಬೇಕಾದ್ದೇ ಇಲ್ಲ. ಅತ್ತೆ ಬೆರಳಾಡಿಸಿ, "ಹುಟ್ಟಿದಾಗಿಂದ ತೊಟ್ಟುಕೊಂಡ ಹಾಗಿದೆ," ಎಂದು ಮೆಚ್ಚಿಕೊಂಡರು.

ಮೊದಲ ವಾರ ಮನೆಗೆ ಮನೆಯೇ ಸಂಜೆ ನಡುಮನೆಯಲ್ಲಿ. ಮಂಡಿ ನೋವೆಂದು ಮೆಟ್ಟಿಲಿಳಿಯುವುದನ್ನೇ ಬಿಟ್ಟಿದ್ದ ಅತ್ತೆ ಹಳೇ ಹಾಸ್ಯದ ಸಿನಿಮಾ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಡುಗೆಮನೆಯಿಂದ ಆ ನಗು ಕೇಳಿ ಟೈಲರಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು. ಅವರು ಹಾಗೆ ನಗಬಲ್ಲರೆಂದೇ ಅವಳಿಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅವಳೂ ಕೂತು ಒಂದು ಸಿನಿಮಾ ಹಾಕಿಕೊಂಡಳು. ಹೆಂಗಸೊಬ್ಬಳು ಸಮುದ್ರದ ದಡದಲ್ಲಿ ಸುಮ್ಮನೆ ನಡೆಯುತ್ತ ಹೋಗುವ ಕಥೆ. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ ತೊಡೆಯ ಮೇಲೆ ಎರಡೂ ಕೈ ಖಾಲಿ. ಹೊಲಿಯಬೇಕಾದ ಗುಂಡಿಯಿಲ್ಲ, ಬಟಾಣಿ ಸುಲಿಯುವ ತಟ್ಟೆಯಿಲ್ಲ. ಆ ಹೆಂಗಸು ಎಲ್ಲಿಗೆ ಹೋಗಿ ಸೇರುತ್ತಾಳೋ ನೋಡೋಣವೆಂದು ಕಾಲು ಮೇಲಿಟ್ಟುಕೊಂಡು ಕೂತಳು. ಅಷ್ಟರಲ್ಲಿ ಟಿವಿ ಕಪ್ಪಾಯಿತು.

ಸಂಜೆಯೂ ಅದೇ ಕಥೆ. ಅರ್ಧ ಸಿನಿಮಾ ಆಗುವಾಗ ಪೆಟ್ಟಿಗೆ ತಾನೇ ಆರಿಹೋಗುತ್ತಿತ್ತು. ಮೈದುನನಿಗೆ ಫೋನು ಹೋಯಿತು. ಅವನು ಬರುತ್ತಾನೆಂದಾಗ ಅತ್ತೆ ಕವರು ಬಿಚ್ಚಿ, ಪೆಟ್ಟಿಗೆಯನ್ನು ಒರೆಸಿ, ಮಗುವನ್ನು ಡಾಕ್ಟರಿಗೆ ತೋರಿಸುವ ಹಾಗೆ ಇಟ್ಟರು. ಅವನು ಕೂತು ಇಡೀ ಸಿನಿಮಾ ನೋಡಿದ. ಪೆಟ್ಟಿಗೆ ಒಂದು ಸಲವೂ ಆರಲಿಲ್ಲ.

"ನಿಮಗೆ ಹಾಕಕ್ಕೇ ಬರಲ್ಲ ಅಣ್ಣ. ನನ್ನ ಕೈಯಲ್ಲಿ ನೋಡು, ಹೇಗೆ ಓಡುತ್ತೆ!"

"ಬಟನ್ ಒತ್ತಕ್ಕೆ ಬರಲ್ವೇನೋ ನನಗೆ?"

ಅವನು ಹೊರಟ. ಅತ್ತೆ ಅಂಗಿ ತೊಡಿಸಿದರು. ಮರುದಿನ ಪೆಟ್ಟಿಗೆ ಮತ್ತೆ ಅರ್ಧಕ್ಕೇ ನಿಂತಿತು. ಅವನು ಮತ್ತೆ ಬಂದ, ಒಳಗಿನ ಒಂದು ಭಾಗ ಬದಲಾಯಿಸಿದ, ಅತ್ತೆ ಈ ಸಲವೂ ಕವರನ್ನು ಮೊದಲೇ ಬಿಚ್ಚಿಟ್ಟಿದ್ದರು. ಕವರಿನ ಮಾತನ್ನು ಯಾರೂ ಎತ್ತಲಿಲ್ಲ. ಸಿಲಿಂಡರಿಗೆ ಲಂಗ ಇರುವ ಮನೆಯಲ್ಲಿ ಅದೇನು ಹೇಳುವಂಥ ವಿಷಯವೇ?

ಇತ್ತ ಪ್ಯಾಸೇಜಿನಲ್ಲಿ ಬೇರೆ ಕಥೆ ನಡೆಯುತ್ತಿತ್ತು. ದೊಡ್ಡ ಬಲ್ಬು ಬಂತು, ಆದರೆ ಅದರ ಬೆಳಕು ತಲೆಯ ಹಿಂದಿನಿಂದ ಬಿದ್ದು ಅವಳ ನೆರಳೇ ಬಟ್ಟೆಯ ಮೇಲೆ ಕೂರುತ್ತಿತ್ತು. ಬಚ್ಚಲಿಗೆ ಹೋಗುವವರು ಬರುವವರು ಅಡ್ಡಡ್ಡ ತಿರುಗಿ ದಾಟುತ್ತಿದ್ದರು. ಸಮವಸ್ತ್ರದ ಅಂಗಡಿಯವಳು ಒಂದು ಗಂಟು ಪ್ಯಾಂಟು ವಾಪಸು ತಂದು ಮೇಜಿನ ಮೇಲೆ ಹರವಿದಳು. ಹೊಲಿಗೆ ಹಾವಿನ ಹಾಗೆ ಅಂಕುಡೊಂಕಾಗಿತ್ತು.

"ಅಕ್ಕ, ಇದು ನಿಮ್ಮ ಕೈಯಾ?"

"ನಂದೇ."

"ನಿಮ್ಮ ಕೈ ಅಂತ ನಾನು ನೋಡದೇ ಕಳಿಸ್ತಿದ್ದೆ. ಇನ್ನೊಂದು ಸಲ ಹೀಗಾದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರಿಗಿಂತ ಹೆಚ್ಚಾಗಿ ಅವಳಿಗೆ ನಾಚಿಕೆಯಾಯಿತು. ಆ ಪ್ಯಾಂಟುಗಳ ಹೊಲಿಗೆ ಬಿಚ್ಚುತ್ತ ಕೂತಾಗ ಕಣ್ಣು ಉರಿಯಿತು. ಗಂಡನಿಗೆ ಹೇಳಿದಳು. ಅವನು ಕೇಳಿಸಿಕೊಂಡ.

"ಸ್ವಲ್ಪ ದಿನ ತಡಿ. ಪೆಟ್ಟಿಗೆ ಒಂದು ಸರಿಹೋಗಲಿ."

ಶನಿವಾರ ಸಂಜೆ ಸಿನಿಮಾದಲ್ಲಿ ಕಳ್ಳ ಸಿಕ್ಕಿಬೀಳುವ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಆರಿತು. ಗಂಡ ರಿಮೋಟನ್ನು ಸೋಫಾಕ್ಕೆ ಎಸೆದ.

"ಸಾಕಪ್ಪ ಸಾಕು. ನಾಳೆ ಬಂದು ಇದನ್ನ ಹೊತ್ಕೊಂಡು ಹೋಗು ಅಂತ ಅವನಿಗೆ ಹೇಳಿಬಿಡ್ತೀನಿ. ನಿನ್ನ ಮೆಷಿನ್ನೇ ವಾಪಸ್ ಇಲ್ಲಿ ಹಾಕ್ಕೋ. ನಮಗೆ ಸಿನಿಮಾ ನೋಡೋ ಯೋಗ ಇಲ್ಲ."

ಅತ್ತೆ, "ಆ ಕಳ್ಳ ಸಿಕ್ಕಿದನೋ ಇಲ್ವೋ," ಎಂದು ಮಂಡಿ ಹಿಡಿದುಕೊಂಡು ಎದ್ದರು. ಮಗಳು, "ಸಿಕ್ಕೇ ಸಿಕ್ತಾನೆ ಅಜ್ಜಿ, ಬಾ," ಎಂದು ಅವರನ್ನು ಒಳಕೋಣೆಗೆ ಕರೆದುಕೊಂಡು ಹೋದಳು. ಆರಿದ ಪೆಟ್ಟಿಗೆ ತಾನೇ ಮತ್ತೆ ಚಾಲೂ ಆಗಿ ಅಂಗಿಯೊಳಗೇ ರಾತ್ರಿಯಿಡೀ ಗುನುಗುತ್ತಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ.

ಭಾನುವಾರ ನಸುಕಿನಲ್ಲಿ ಟೈಲರಕ್ಕ ನೀರು ತುಂಬಿಸಿದಳು, ಲೋಟ ತೊಳೆದಳು, ಹಾಲು ಕಾಯಿಸಿದಳು. ನಡುಮನೆ ಗುಡಿಸಿ, ಅಂಗಿಗಳನ್ನು ಕೊಡವಲೆಂದು ಪೆಟ್ಟಿಗೆಗೆ ಕೈ ಹಾಕಿದವಳು ಚುರ್ರೆಂದದ್ದಕ್ಕೆ ಕೈ ಹಿಂದೆಗೆದಳು. ಮೂಗಿಗೆ ಪರಿಚಯದ ವಾಸನೆ ಬಡಿಯಿತು. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತಾಗ ಬರುವಂಥದ್ದು. ಸೆರಗು ಸುತ್ತಿಕೊಂಡು ಕವರನ್ನು ಎಳೆದಳು. ಒಳಗಿನ ರಬ್ಬರು ಮೆತ್ತಗಾಗಿ ತಗಡಿಗೆ ಅಂಟಿಕೊಂಡಿತ್ತು. ಪೆಟ್ಟಿಗೆಯ ಬದಿಯಲ್ಲಿ ಗಾಳಿಗೆಂದು ಬಿಟ್ಟಿದ್ದ ಸೀಳುಗಳು ಬಟ್ಟೆಯ ಒಳಮೈಗೆ ಕಂದು ಗೆರೆಗಳಾಗಿ ಅಚ್ಚೊತ್ತಿದ್ದವು.

ಪೆಟ್ಟಿಗೆಗೆ ರೋಗವೇನೂ ಇರಲಿಲ್ಲ. ಉಸಿರು ಕಟ್ಟುತ್ತಿತ್ತು, ಅಷ್ಟೇ. ಕಟ್ಟಿದ್ದು ಅವಳ ಹೊಲಿಗೆ.

ಕವರನ್ನು ಹಿಡಿದುಕೊಂಡು ಸೋಫಾದ ಅಂಚಿಗೆ ಕೂತಳು. ಇನ್ನು ಸ್ವಲ್ಪ ಹೊತ್ತಿಗೆ ಮೈದುನ ಬರುತ್ತಾನೆ. ಕವರನ್ನು ಮತ್ತೆ ತೊಡಿಸಿ ಸುಮ್ಮನಿದ್ದರೆ ಸಾಕು. ಪೆಟ್ಟಿಗೆ ಹೋಗುತ್ತದೆ, ಸೋಫಾ ಹಿಂದಕ್ಕೆ ಹೋಗುತ್ತದೆ, ಕಿಟಕಿ ತನ್ನದಾಗುತ್ತದೆ. ಬಾಯಿ ಬಿಡುವ ಕೆಲಸವೇ ಇಲ್ಲ. ಬಾಯಿ ಬಿಡದೆ ಇರುವುದರಲ್ಲಂತೂ ಅವಳಿಗೆ ಬೇಕಾದಷ್ಟು ಅಭ್ಯಾಸವಿತ್ತು. ಹೇಳಿಬಿಟ್ಟರೆ ಪೆಟ್ಟಿಗೆ ಉಳಿಯುತ್ತದೆ, ಜೊತೆಗೆ ಪ್ಯಾಸೇಜೂ ಉಳಿಯುತ್ತದೆ.

ಅತ್ತೆಯ ನಗು ನೆನಪಾಯಿತು. ಆ ಸಮುದ್ರದ ಹೆಂಗಸು ಇನ್ನೂ ನಡೆಯುತ್ತಲೇ ಇದ್ದಾಳೆ ಎನ್ನುವುದೂ. ತನಗೆ ಬೇಕಾದದ್ದು ಕಿಟಕಿ. ಅದಕ್ಕೆ ಪೆಟ್ಟಿಗೆ ಸಾಯಬೇಕೆಂದು ಹೇಳಿದವರು ಯಾರು? ಯಾರೂ ಹೇಳಿರಲಿಲ್ಲ. ಸೋಫಾ ಒಂದು ಮೊಳ ಆಚೆ ಸರಿದರೆ ಆಗುವುದಿಲ್ಲವೇ ಎಂದು ಯಾರೂ ಕೇಳಿಯೂ ಇರಲಿಲ್ಲ. ಅವಳೂ ಕೇಳಿರಲಿಲ್ಲ.

ಎದ್ದಳು. ಸೋಫಾದ ಒಂದು ತುದಿಗೆ ಸೊಂಟ ಕೊಟ್ಟು ನೂಕಿದಳು. ಅದು ಗೊಣಗುತ್ತ ಗೋಡೆಯ ಮೂಲೆಗೆ ಸರಿಯಿತು. ಅಲ್ಲಿಂದ ಟಿವಿ ಸ್ವಲ್ಪ ಓರೆಯಾಗಿ ಕಾಣುತ್ತದೆ. ಕಾಣಲಿ. ಪ್ಯಾಸೇಜಿಗೆ ಹೋಗಿ ಮೆಷಿನ್ನಿನ ಕಬ್ಬಿಣದ ಕಾಲನ್ನು ಎತ್ತಿ, ಸುಟ್ಟ ಕವರನ್ನು ಮಡಚಿ ಅದರಡಿಗೆ ತುರುಕಿದಳು. ದಪ್ಪ ಬಟ್ಟೆ, ನೆಲ ಗೀಚುವುದಿಲ್ಲ, ಸದ್ದಾಗುವುದಿಲ್ಲ. ಒಂದೊಂದೇ ಗೇಣು ಎಳೆಯುತ್ತ, ನಿಂತು ಉಸಿರು ತೆಗೆದುಕೊಳ್ಳುತ್ತ, ಮೆಷಿನ್ನನ್ನು ನಡುಮನೆಗೆ ತಂದು ಹಳೆಯ ಜಾಗದಲ್ಲಿ ನಿಲ್ಲಿಸಿದಳು. ನೆಲದಲ್ಲಿ ಅದರ ಕಾಲುಗಳ ಗುರುತು ಇನ್ನೂ ಹಾಗೇ ಇತ್ತು.

ಪರದೆಯನ್ನು ಒಂದು ಬದಿಗೆ ಒತ್ತರಿಸಿ, ಅಳತೆ ಟೇಪಿನಿಂದ ಬಿಗಿದು ಕಟ್ಟಿದಳು. ಸಂಜೆ ಸಿನಿಮಾ ಹೊತ್ತಿಗೆ ಬೇಕಾದವರು ಬಿಚ್ಚಿಕೊಳ್ಳಲಿ, ಬೆಳಗ್ಗೆ ಮತ್ತೆ ಕಟ್ಟಲಿ. ಕವರನ್ನು ಕೊಡವಿ, ಕಂದು ಗೆರೆಗಳು ಮೇಲೆ ಬರುವ ಹಾಗೆ ಪೆಟ್ಟಿಗೆಯ ಪಕ್ಕದಲ್ಲಿ ಹರವಿಟ್ಟಳು. ಎಲ್ಲರೂ ಎದ್ದ ಮೇಲೆ ಎರಡು ಮಾತು ಹೇಳುವುದಿತ್ತು: ಪೆಟ್ಟಿಗೆ ಕೆಟ್ಟಿಲ್ಲ, ಅದಕ್ಕೆ ಅಂಗಿ ಬೇಡ. ಮೆಷಿನ್ನು ಇಲ್ಲೇ ಇರುತ್ತೆ.

ಒಳಗಿನಿಂದ ಗಂಡನ ದನಿ ಬಂತು. "ಟೀ ಆಯ್ತಾ?"

ಹಾಲು ಕಾದಿತ್ತು, ಟೀ ಆಗಿರಲಿಲ್ಲ. ಟೈಲರಕ್ಕ ಬಿಚ್ಚಿಟ್ಟ ಕಪ್ಪು ಪ್ಯಾಂಟಿನ ಕಾಲೊಂದನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ಸೂಜಿಗೆ ದಾರ ಪೋಣಿಸಿದಳು, ಪೆಡಲ್ಲಿನ ಮೇಲೆ ಕಾಲಿಟ್ಟಳು.