ಶಕ್ತಿ ಗುಳಿಗೆ

“ನಮ್ಮ ಮನೆತನದಾಗ ಇಂಥಾದ್ದೆಲ್ಲ ಇಲ್ರೀ” ಎಂದು ನಾನು ಬೀಗರ ಮುಂದೆ ಘೋಷಿಸಿದಾಗ, ಮಗಳ ಬಾಯಿಯ ನೊರೆಯನ್ನು ಇನ್ನೂ ಯಾರೂ ಒರೆಸಿರಲಿಲ್ಲ.

ದಾಸನಕೊಪ್ಪದ ನಮ್ಮ ಮನೆಯಲ್ಲಿ ತಮ್ಮನ ನಿಶ್ಚಯದ ಊಟ ನಡೆದಿತ್ತು. ಪಂಕ್ತಿಯ ತುದಿಯಲ್ಲಿ ಕುಳಿತು ಎರಡನೆಯ ಹೋಳಿಗೆ ಮುರಿಯುತ್ತಿದ್ದ ಮಗಳು, ಐದನೆಯ ಇಯತ್ತೆಯಲ್ಲಿ ಓದುವವಳು, ಇದ್ದಕ್ಕಿದ್ದಂತೆ ಎಲೆಯ ಮೇಲೆ ವಾಲಿದಳು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಕೈಕಾಲು ಸೆಟೆದು ಬಡಿದುಕೊಳ್ಳತೊಡಗಿದವು.

“ಕೈಯಾಗ ಕಬ್ಣ ಕೊಡ್ರೋ!” ಎಂದು ಕಾಕಾ ಕೂಗಿದರು.

ನಾನು ಕಿರಾಣಿ ಅಂಗಡಿಯ ಯಜಮಾನ. ಕೀಲಿಗೊಂಚಲು ಸೊಂಟದಲ್ಲಿ ಸದಾ ಸನ್ನದ್ಧ. ಅದನ್ನು ಅವಳ ಮುಷ್ಟಿಯೊಳಗೆ ತುರುಕಿ, ಮೇಲಿಂದ ನನ್ನ ಮುಷ್ಟಿ ಬಿಗಿದೆ. ಸ್ವಲ್ಪ ಹೊತ್ತಿಗೆ ಸೆಳೆತ ತಾನಾಗಿಯೇ ನಿಂತಿತು. ಕೀರ್ತಿ ಮಾತ್ರ ಕೀಲಿಗೆ ಸಂದಿತು. ಸಂಬಂಧ ಮುರಿದೀತೆಂಬ ಅಂಜಿಕೆಗೆ ನಾನು, “ಮುಂಜಾನಿಯಿಂದ ಉಪವಾಸ ಅದಾಳ್ರೀ, ಪಿತ್ತ ಏರೇತಿ” ಎಂದೂ ಸೇರಿಸಿದೆ. ಅರ್ಧ ಹೋಳಿಗೆ ಅವಳ ಗಲ್ಲಕ್ಕೇ ಅಂಟಿಕೊಂಡಿತ್ತು.

ಮರುದಿನ ಶಿರಸಿಯ ಡಾಕ್ಟರರ ಎದುರಿಗೇ ಸೆಳೆತ ಇನ್ನೊಮ್ಮೆ ಬಂತು. ಅವರು ಅಂದೇ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ತಲೆಗೆ ವೈರುಗಳನ್ನು ಅಂಟಿಸಿ ನೋಡಿ, ಇದು ಮೂರ್ಛೆರೋಗ, ಗುಳಿಗೆಯಿಂದ ಹತೋಟಿಗೆ ಬರುತ್ತದೆ ಎಂದರು. ಆಮೇಲೆ ಅಲ್ಲಿನ ಡಾಕ್ಟರು ಅವಳ ಅಂಗೈ ತಿರುಗಿಸಿದರು. ಕೀಲಿಯ ಹಲ್ಲುಗಳು ಸಾಲಾಗಿ ನೀಲಿಗಟ್ಟಿ ಮೂಡಿದ್ದವು.

“ಇದೇನು?”

“ಅಂಗಡಿ ಕೀಲಿರೀ.”

“ಬೀಗ ತೆಗೀತೇನು?”

ನಾನು ಗೋಡೆಯ ಕ್ಯಾಲೆಂಡರನ್ನು ಆಳವಾಗಿ ಅಧ್ಯಯನ ಮಾಡಿದೆ. ಮತ್ತೆ ಬಂದರೆ ಪಕ್ಕಕ್ಕೆ ಹೊರಳಿಸಬೇಕು, ಗಡಿಯಾರ ನೋಡಬೇಕು, ಕೈಗೂ ಬಾಯಿಗೂ ಏನನ್ನೂ ಕೊಡಬಾರದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು ಎಂದರು. ಶಾಲೆಯಲ್ಲಿ ಮೊದಲು ತಿಳಿಸಿ ಎಂದದ್ದನ್ನು ಎರಡು ಸಲ ಹೇಳಿದರು. ನನ್ನ ಮುಖದಲ್ಲಿ ಏನು ಕಂಡಿತೋ.

ಶಾಲೆಗೆ ನಾನು ಹೋಗಲಿಲ್ಲ. ಊರಿಗೆ ಗೊತ್ತಾದರೆ ಬೀಗರಿಗೂ ಗೊತ್ತಾಗುತ್ತದೆ. ಮದುವೆ ಮುಗಿಯಲಿ ಎಂದೆ. “ಅಲ್ಲೀತನಕಾ ಸಾಲ್ಯಾಗ ಬಿದ್ರ ಯಾರ ನೋಡ್ತಾರ? ನಿಮ್ಮ ಕೀಲಿನ?” ಎಂದು ಹೆಂಡತಿ ಕೇಳಿದಳು. ಉತ್ತರವಾಗಿ ನಾನು ಗುಳಿಗೆಗೆ ನಾಮಕರಣ ಮಾಡಿದೆ: ಶಕ್ತಿ ಗುಳಿಗೆ. ಯಾರು ಕೇಳಿದರೂ ಹಾಗೆಯೇ ಹೇಳಬೇಕೆಂದು ಮಗಳಿಗೆ ಬಾಯಿಪಾಠವೂ ಆಯಿತು.

ಮದುವೆಯ ಜವಳಿಗೆ ಎರಡೂ ಕಡೆಯವರು ಶಿರಸಿಗೆ ಹೋದೆವು. ಸೀರೆ ಅಂಗಡಿಯ ಗಾದಿಯ ಮೇಲೆ ಆಯ್ಕೆ ಮುಗಿಯುವ ಲಕ್ಷಣ ಕಾಣಲಿಲ್ಲ. ಗುಳಿಗೆಯ ಹೊತ್ತಾಯಿತು. ಹೆಂಡತಿ ಚೀಲದಿಂದ ತೆಗೆದುಕೊಟ್ಟಳು.

“ಎಂಥಾ ಗುಳಿಗಿಯವ್ವಾ ಅದು?” ಎಂದರು ಬೀಗತಿ.

“ಶಕ್ತಿ ಗುಳಿಗಿರೀ” ಎಂದೆ ನಾನೇ, ಮಗಳಿಗಿಂತ ಮೊದಲು.

“ಹೌದಾ? ನಂಗೂ ಒಂದ ಕೊಡವ್ವಾ. ಮೊಣಕಾಲಾಗ ಶಕ್ತಿನ ಇಲ್ಲ.”

ಕೈ ಚಾಚಿಯೇ ಬಿಟ್ಟರು. ಮಗಳು ನನ್ನ ಮುಖ ನೋಡಿದಳು. ಬೀಗತಿಗೆ ಫಿಟ್ಸಿನ ಮಾತ್ರೆ ನುಂಗಿಸುವುದೋ, ಬಾಯಿಬಿಡುವುದೋ, ಎರಡರಲ್ಲಿ ಒಂದನ್ನು ನಾನು ಆರಿಸಬೇಕಿತ್ತು. ನಾನು ಸೀರೆಯ ಸೆರಗು ಆರಿಸತೊಡಗಿದೆ.

“ಇದು ಫಿಟ್ಸಿನ ಗುಳಿಗಿ ಅಜ್ಜಿ” ಎಂದಳು ಮಗಳು. “ನಂಗ ಫಿಟ್ಸ್ ಬರ್ತಾವು. ನೀವು ತಗೋಬಾರ್ದು.”

ಅಂಗಡಿಯವನು ಬಿಚ್ಚುತ್ತಿದ್ದ ಸೀರೆ ಅರ್ಧಕ್ಕೇ ನಿಂತಿತು. ಬೀಗತಿ ಕೈ ಹಿಂತೆಗೆದು, ಅದೇ ಕೈಯಿಂದ ಅವಳ ತಲೆ ಸವರಿದರು.

“ಅವತ್ತ ನೋಡೀವಲ್ಲವ್ವಾ, ನಮಗೇನ ಕಣ್ಣಿಲ್ಲೇನು? ನಿಮ್ಮಪ್ಪಗ ಇನ್ನೂ ತಿಳಿದಿಲ್ಲೇನೋ ಅಂತ ನಾವ ಸುಮ್ಮನಿದ್ವಿ.” ಆಮೇಲೆ ನನ್ನತ್ತ ತಿರುಗಿ, “ಆ ಸೆರಗಿನ ಸೀರಿ ಚಲೋ ಐತೇನ್ರೀ ಬೀಗ್ರ? ಅವಾಗಿಂದ ಅದನ್ನ ಹಿಡದೀರಿ” ಎಂದರು.

ಊರಿಗೆ ಮರಳುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: “ಅಪ್ಪಾ, ಫಿಟ್ಸ್ ಬರೂದು ಕೆಟ್ಟ ಕೆಲಸೇನು?”

ಅಲ್ಲ ಎಂದೆ. ಇಷ್ಟು ದಿನ ಹೌದೆಂದು ಕಲಿಸಿದವನು ನಾನೇ.

ಮರುದಿನ ಅಂಗಡಿ ತೆರೆಯದೆ ಅವಳೊಂದಿಗೆ ಶಾಲೆಗೆ ಹೋದೆ. ಮುಖ್ಯ ಶಿಕ್ಷಕಿ ಹೆಡ್ ಬಾಯಿಯವರು ಕುರ್ಚಿ ತೋರಿಸಿದರು. ನಿಂತೇ ಇದ್ದೆ. “ನಮ್ಮ ಹುಡುಗಿಗೆ ಸ್ವಲ್ಪ ಪಿತ್ತ...” ಎಂದು ನಾಲಿಗೆ ಹಳೆಯ ದಾರಿ ಹಿಡಿಯಿತು.

ಮಗಳು ನನ್ನ ಅಂಗಿಯ ತೋಳು ಎಳೆದಳು.

“ಮೂರ್ಛೆರೋಗ ಐತ್ರೀ” ಎಂದೆ. “ಬಂದ್ರ ಪಕ್ಕಕ್ಕ ಹೊರಳಿಸ್ರಿ. ಕೈಯಾಗ ಏನೂ ಕೊಡಬ್ಯಾಡ್ರಿ.”

“ಕೀಲಿ ಅಂತೂ ಬ್ಯಾಡ್ರಿ ಬಾಯಿ” ಎಂದಳು ಮಗಳು.